ಬೂದಿಯಿಂದ ಬಂದ ಅಕ್ಷರ

ಅಣ್ಣಿಗೇರಿಯ ಜುಲೇಖಾಬಿಯನ್ನು ಮಾಲಿನಂತೆ ಕಟ್ಟೆಯ ಮೇಲೆ ನಿಲ್ಲಿಸಿದರೆ ಮೊದಲ ನೋಟಕ್ಕೆ ಯಾರೂ ಸವಾಲು ಕೂಗುವುದಿಲ್ಲ. ತೂಕ ನಲವತ್ತು ಕಿಲೋ, ಒದ್ದೆ ಸೀರೆಯಲ್ಲಿದ್ದರೆ ನಲವತ್ತೊಂದು. ವಯಸ್ಸು ಆಧಾರ್ ಕಾರ್ಡಿನಲ್ಲಿ ಅರವತ್ತೆಂಟು, ರೇಷನ್ ಕಾರ್ಡಿನಲ್ಲಿ ಎಪ್ಪತ್ತೊಂದು. ಆಕೆ ಎರಡನ್ನೂ ಒಪ್ಪುವುದಿಲ್ಲ. ಬಲಗಣ್ಣಿಗೆ ಪೊರೆ. ಮುಂದಿನ ಎರಡು ಹಲ್ಲು ಇಲ್ಲ. ಬೆರಳ ತುದಿಗಳು ಬೂದಿನೀರಿನಲ್ಲಿ ನೆನೆದು ನೆನೆದು, ಗೆರೆಗಳೆಲ್ಲ ಅಳಿಸಿ, ಹೊಳೆಯ ಕಲ್ಲಿನಂತೆ ನುಣ್ಣಗಾಗಿದ್ದವು. ತಿಂಗಳಿಗೊಮ್ಮೆ ರೇಷನ್ ಅಂಗಡಿಯ ಯಂತ್ರದ ಮೇಲೆ ಹೆಬ್ಬೆರಳು ಒತ್ತಿದರೆ, ಇಂಥವಳೊಬ್ಬಳು ಭೂಮಿಯ ಮೇಲೆ ಇಲ್ಲವೇ ಇಲ್ಲ ಎಂದು ಯಂತ್ರ ಕೆಂಪು ದೀಪ ತೋರಿಸುತ್ತಿತ್ತು.

ಒಟ್ಟಿನಲ್ಲಿ ಸವೆದ ಮಾಲು. ಆದರೆ ದಂಧೆ ಬಲ್ಲವನು ಗೋಣಿಚೀಲದ ತೇಪೆ ನೋಡಿ ದರ ಹೇಳುವುದಿಲ್ಲ. ಚೀಲಕ್ಕೆ ಚೂಪು ಕೊಳವೆ ಚುಚ್ಚಿ ಒಳಗಿನ ಕಾಳನ್ನು ಅಂಗೈಗೆ ಸುರುವಿಕೊಂಡು ನೋಡುತ್ತಾನೆ. ಜುಲೇಖಾಬಿಯ ಒಳಗಿನ ಕಾಳು ಆಕೆಯ ನಾಲಿಗೆ. ಅಂಥ ನಾಲಿಗೆ ಸುತ್ತಿನ ಹತ್ತು ಊರಿನಲ್ಲಿ ಇನ್ನೊಂದು ಇರಲಿಲ್ಲ.

ಆಕೆ ಮಾಡುತ್ತಿದ್ದದ್ದು ಹಪ್ಪಳಖಾರ. ಬಾಯಿ ಸುಡುವ ಮೆಣಸಿನ ಖಾರ ಬೇರೆ, ಇದು ಬೇರೆ. ಉದ್ದಿನ ಹಿಟ್ಟಿಗೆ ಒಂದಿಷ್ಟು ಹಾಕಿ ಕುಟ್ಟಿದರೆ ಹಪ್ಪಳ ಎಣ್ಣೆಯಲ್ಲಿ ಹೂವಿನಂತೆ ಅರಳಬೇಕು. ಅದಕ್ಕೆ ಬೇಕಾದ ಬಿಳಿ ಉಪ್ಪು ಅದು. ಸುಗ್ಗಿ ಮುಗಿದ ಮೇಲೆ ಬದುಗಳಲ್ಲಿ ಒಣಗಿ ನಿಂತ ಉತ್ತರಾಣಿ ಗಿಡವನ್ನೂ ಹೊಲದಲ್ಲಿ ಉಳಿದ ಕುಸುಬಿ ಕಡ್ಡಿಯನ್ನೂ ತಂದು, ಮನೆಯ ಹಿಂದಿನ ಮಣ್ಣಿನ ಗುಂಡಿಯಲ್ಲಿ ಸುಡಬೇಕು. ಹಸಿ ಸೇರಬಾರದು, ಮಣ್ಣು ಸೇರಬಾರದು. ಆ ಬೂದಿಯನ್ನು ತಳ ತೂತಾದ ಗಡಿಗೆಯಲ್ಲಿ ತುಂಬಿ, ತೂತಿಗೆ ಹುಲ್ಲು ತುರುಕಿ, ಮೇಲೆ ನೀರು ಹಾಕಿದರೆ ಕೆಳಗೆ ಹನಿ ಹನಿಯಾಗಿ ಚಹಾದ ಬಣ್ಣದ ನೀರು ಇಳಿಯುತ್ತದೆ. ಅದನ್ನು ಕಬ್ಬಿಣದ ಕಡಾಯಿಯಲ್ಲಿ ಬತ್ತಿಸಿ, ತಳದಲ್ಲಿ ಕಟ್ಟಿದ ಹೆಪ್ಪನ್ನು ಮತ್ತೆ ಹುರಿಯಬೇಕು. ಯಾವಾಗ ಇಳಿಸಬೇಕೆಂದು ಹೇಳುವ ಗಡಿಯಾರವಿಲ್ಲ. ಜುಲೇಖಾಬಿ ಉಗುರಿನ ತುದಿಯಷ್ಟು ತೆಗೆದು ನಾಲಿಗೆಗೆ ಮುಟ್ಟಿಸಿ, ತಕ್ಷಣ ಉಗುಳಿ, "ಇನ್ನಾ ಬಾಯಾಗ ಕೂಗ್ಯಾಡತೈತಿ" ಎಂದರೆ ಒಲೆ ಉರಿಯಬೇಕು; "ಸುಮ್ಮನಾತು" ಎಂದರೆ ಇಳಿಸಬೇಕು.

ಗಿಡ ತರುವ ಕೆಲಸ ಗಂಡ ರಹಿಮಾನಸಾಬನದಾಗಿತ್ತು. ಊರು ಅವನನ್ನು ಕರೆಯುತ್ತಿದ್ದದ್ದು ಬೂದಿಸಾಬ ಎಂದು. ಹನ್ನೊಂದು ವರ್ಷದ ಹಿಂದೆ ಅವನು ತೀರಿಕೊಂಡಾಗಲೂ ಊರಿಗೆ ಸುದ್ದಿ ತಿಳಿದದ್ದು "ಬೂದಿಸಾಬ ಹೋದ್ನಂತ" ಎಂದೇ. ಮಣ್ಣು ಕೊಡಲು ಬಂದವರಲ್ಲೂ ನಾಲ್ಕು ಜನ ಅವನ ನಿಜ ಹೆಸರನ್ನು ಬಾಗಿಲಲ್ಲಿ ನಿಂತು ಕೇಳಿ ತಿಳಿದುಕೊಂಡರು. ಜುಲೇಖಾಬಿ ಆ ನಾಲ್ವರನ್ನು ಇನ್ನೂ ಮರೆತಿಲ್ಲ.

ಮಾಘ ಮುಗಿದು ಬಿಸಿಲು ಬಲಿತ ಮೇಲೆ ಹಪ್ಪಳದ ಎರಡು ತಿಂಗಳು. ಆಕೆಯ ವರ್ಷವೆಲ್ಲ ಆ ಎರಡು ತಿಂಗಳಲ್ಲೇ ಇತ್ತು. ಊಟವೂ ಅದರಿಂದಲೇ, ಮಂದಿ ಮನೆಗೆ ಬಂದು ಹೆಸರು ಹಿಡಿದು ಕರೆಯುವುದೂ ಅದರಿಂದಲೇ. ಮೊದಲು ಬರುತ್ತಿದ್ದವಳು ಸಣ್ಣವ್ವ. ಸಣ್ಣವ್ವನ ಓಣಿಯ ಹನ್ನೆರಡು ಮನೆಯ ಹೆಂಗಸರು ಆಕೆಯ ಮಾಳಿಗೆಯ ಮೇಲೆ ಕೂಡಿ ಹಪ್ಪಳ ಲಟ್ಟಿಸುತ್ತಿದ್ದರು. ಸಣ್ಣವ್ವ ಒಪ್ಪಿದರೆ ಹನ್ನೆರಡು ಮನೆ ಒಪ್ಪಿದಂತೆ, ಹನ್ನೆರಡು ಮನೆ ಒಪ್ಪಿದರೆ ಊರು ಒಪ್ಪಿದಂತೆ.

"ಜುಲೇಖವ್ವಾ, ಹ್ವಾದ ವರ್ಷದ ಖಾರ ಭಾಳ ಚಲೋ ಇತ್ತು ಬೇ. ಹಪ್ಪಳ ನಮ್ಮ ಸೊಸಿ ಮಾರಿಗತೆ ಉಬ್ಬಿದ್ದುವು."

"ನಿನ್ನ ಸೊಸಿ ಮಾರಿ ಉಬ್ಬೂದು ನನ್ನ ಖಾರದಿಂದ ಅಲ್ಲ, ನಿನ್ನ ಬಾಯಿಂದ" ಎನ್ನುತ್ತ ಜುಲೇಖಾಬಿ ಸಣ್ಣವ್ವನ ಅಂಗೈಯಲ್ಲಿ ಚಿಟಿಕೆ ಅರಿಶಿಣ ಹಾಕಿ, ಅದರ ಮೇಲೆ ಹೊಸ ಖಾರ ಉದುರಿಸಿ, ಎರಡು ಹನಿ ನೀರು ಬಿಡುತ್ತಿದ್ದಳು. ಹಳದಿ ಕೆಂಪಾಗುತ್ತಿತ್ತು. "ನೋಡು, ಕುಂಕುಮ ಆತು. ಮುತ್ತೈದಿ ಆಗಿ ಮನಿಗೆ ಹೋಗು." ಸಣ್ಣವ್ವ ನಗುತ್ತ ಅದನ್ನೇ ಹಣೆಗಿಟ್ಟುಕೊಂಡು ಹೋಗುತ್ತಿದ್ದಳು. ಮೂವತ್ತು ವರ್ಷ ಹೀಗೆಯೇ ನಡೆಯಿತು.

ಮೂರು ವರ್ಷದ ಹಿಂದೆ ಜುಲೇಖಾಬಿಯ ಹಿತ್ತಿಲಿಗೆ ಹೊಂದಿದ ಒಂದು ಕೋಣೆ ಬಾಡಿಗೆ ಹಿಡಿದು ಕಿರಣಕುಮಾರ ಎಂಬ ವಿಜ್ಞಾನದ ಮಾಸ್ತರ ಬಂದ. ಕುಬಿಹಾಳದ ರೈತರ ಮಗ. ಮದುವೆಯಾಗಿಲ್ಲ, ಹೊತ್ತು ಹೋಗುವುದಿಲ್ಲ, ಕಂಡದ್ದನ್ನೆಲ್ಲ ವಿವರಿಸುವ ಚಟ. ಒಂದು ರವಿವಾರ ಹಿತ್ತಿಲ ಗೋಡೆಯ ಮೇಲಿಂದ ಕಡಾಯಿಯನ್ನು ಇಣುಕಿ ನೋಡಿದವನು ಗೋಡೆ ಸುತ್ತಿಕೊಂಡು ಬಂದು ಒಲೆಯ ಮುಂದೆ ಕುಕ್ಕರಗಾಲಿನಲ್ಲಿ ಕುಳಿತೇಬಿಟ್ಟ.

"ಅಮ್ಮಾರ, ಈ ಕಡಾಯಿಯೊಳಗ ಇರೂದಕ್ಕ ಶಾಸ್ತ್ರದಾಗ ಒಂದು ಹಳೇ ಹೆಸರೈತಿ, ಗೊತ್ತೇನ್ರಿ?"

"ಹೆಸರು ಇಟ್ಟಾವ್ರು ಬಂದು ಒಂದಿನಾ ಬೂದಿ ಹೊತ್ತಾರೇನ್ರಿ ಮಾಸ್ತರ?"

ಮಾಸ್ತರ ಸೋಲಲಿಲ್ಲ. ಮರುದಿನ ಶಾಲೆಯ ಪ್ರಯೋಗಶಾಲೆಯಿಂದ ಕಾಗದದಲ್ಲಿ ಸುತ್ತಿದ ಬಿಳಿ ಪುಡಿ ತಂದು ಆಕೆಯ ಮುಂದೆ ಹಿಡಿದ. ನೋಡಲು ಆಕೆಯ ಖಾರದಂತೆಯೇ ಇತ್ತು, ಅರಿಶಿಣವನ್ನೂ ಅದರಂತೆಯೇ ಕೆಂಪು ಮಾಡಿತು. ಜುಲೇಖಾಬಿ ನಾಲಿಗೆಗೆ ಮುಟ್ಟಿಸಿ ಉಗುಳಿದಳು.

"ಇದು ಗಿಡದ್ದಲ್ಲ. ಮಣ್ಣಿಂದು. ಯಾರ್ ಮೋಸಾ ಮಾಡ್ಯಾರ ನಿಮಗ?"

ಅದು ಬಟ್ಟೆಸೋಡಾ, ಅಂದರೆ ಸೋಡಿಯಂ ಕಾರ್ಬೊನೇಟ್. ಆಕೆಯನ್ನು ಪರೀಕ್ಷಿಸಲೆಂದೇ ಮಾಸ್ತರ ಅದನ್ನು ತಂದಿದ್ದ. ಗಿಡದ ಕ್ಷಾರ ಬೇರೆ, ನೆಲದ ಕ್ಷಾರ ಬೇರೆ ಎಂದು ಖಚಿತ ಮಾಡಲು ಯುರೋಪಿನ ಪಂಡಿತರು ತಲೆಮಾರುಗಟ್ಟಲೆ ಬಡಿದಾಡಿದ್ದರು. ಇಲ್ಲಿ ಒಬ್ಬ ಮುದುಕಿ ಉಗುಳಿ ಹೇಳಿಬಿಟ್ಟಿದ್ದಳು.

ಆಗ ಅವನು ಹೇಳಿದ. ಹೇಳುವಾಗ ಅವನ ದನಿ ಪಾಠದ ದನಿಯಾಗಿರಲಿಲ್ಲ.

"ಅರಬ್ಬೀ ಭಾಷಾದಾಗ ಕಡಾಯಿಯೊಳಗ ಹುರಿಯೂದಕ್ಕ 'ಕಲಾ' ಅಂತಾರ್ರಿ. ಸುಟ್ಟು ಹುರಿದ ಗಿಡದ ಬೂದಿಗೆ 'ಅಲ್ ಕಲಿ' ಅಂದ್ರು. ಅದನ್ನ ಕೇಳಿ ಯುರೋಪಿನವ್ರು ಆಲ್ಕಲಿ ಅಂದ್ರು. ಮುಂದ ಜರ್ಮನಿಯವ್ರು ಗಿಡದ ಖಾರಕ್ಕ ಬರೇ 'ಕಲಿ' ಅಂತ ಹೆಸರಿಟ್ರು. ಆ ಖಾರದೊಳಗಿಂದ ಒಂದು ಹೊಸಾ ಲೋಹ ಹೊಂಟಿತು, ಅದಕ್ಕ ಕಾಲಿಯಂ ಅಂದ್ರು. ಇವತ್ತಿಗೂ ಜಗತ್ತಿನ ಎಲ್ಲಾ ಪುಸ್ತಕದಾಗ ಆ ಲೋಹಕ್ಕ ಇದ ಅಕ್ಷರ." ಹೀಗೆಂದು ಒಲೆಯ ಮುಂದಿನ ಬೂದಿಯಲ್ಲಿ ಬೆರಳಿನಿಂದ ಇಂಗ್ಲಿಷಿನ ಕೆ ಬರೆದ.

ಜುಲೇಖಾಬಿ ಅದನ್ನು ಎಡಗಣ್ಣಿನಿಂದ ಬಹಳ ಹೊತ್ತು ನೋಡಿದಳು. "ಸಣ್ಣಾಕಿದ್ದಾಗ ಅರಬ್ಬೀ ನಾನೂ ಓದೀನ್ರಿ. ಓದಾಕ ಕಲಿಸಿದ್ರು, ಅರ್ಥ ಯಾರೂ ಹೇಳಲಿಲ್ಲ" ಎಂದಳು. ಆಮೇಲೆ, "ಅಂದ್ರ ನಾವು ಮಾಡೂ ಕೆಲಸಕ್ಕ ಮೊದಲ ಹೆಸರಿತ್ತು?"

"ಇಲ್ಲರಿ ಅಮ್ಮಾ. ನೀವು ಮಾಡೂ ಕೆಲಸದಿಂದನ ಆ ಹೆಸರು ಬಂತು."

"ಅಂದ್ರ ರಹಿಮಾನಸಾಬ..." ಎಂದಳು. ಬೂದಿಸಾಬ ಎಂಬ ಹೆಸರನ್ನು ನಲವತ್ತು ವರ್ಷ ಹೊತ್ತು ತಿರುಗಿದವನ ಬೂದಿ, ಪುಸ್ತಕದಲ್ಲಿ ಬರೆಯುವಂಥದ್ದಾಗಿತ್ತು. ಅದನ್ನು ಹೇಳಲು ಅವನು ಇರಲಿಲ್ಲ.

ಜುಲೇಖಾಬಿಗೆ ಕನ್ನಡ ಬರೆಯಲು ಬಾರದು. ಹೆಬ್ಬೆಟ್ಟು ಒತ್ತೋಣವೆಂದರೆ ಹೆಬ್ಬೆಟ್ಟಿನಲ್ಲಿ ಗೆರೆ ಇಲ್ಲ. ಆ ಬೇಸಿಗೆ ಆಕೆ ಒಂದೇ ಒಂದು ಅಕ್ಷರ ಕಲಿತಳು. ಒಂದು ನೆಟ್ಟ ಕೋಲು, ಅದಕ್ಕೆ ಆತುಕೊಂಡ ಎರಡು ಕಡ್ಡಿ. ಮಾಸ್ತರ ಕೊಟ್ಟ ಹಳೆಯ ಉತ್ತರಪತ್ರಿಕೆಗಳ ಖಾಲಿ ಬದಿಯನ್ನು ಹೊರಗೆ ಮಾಡಿ ಪೊಟ್ಟಣ ಕಟ್ಟಿ, ತನ್ನ ಒಲೆಯ ಇದ್ದಿಲಿನಿಂದ ತಾನೇ ಪ್ರತಿ ಪೊಟ್ಟಣದ ಮೇಲೂ ಆ ಅಕ್ಷರ ಬರೆದಳು. ಕೆಲವು ಎಡಕ್ಕೆ ವಾಲಿದ್ದವು, ಕೆಲವು ಬಲಕ್ಕೆ. ಎಣ್ಣೆಗಟ್ಟಿದ ಹಳೆಯ ಪೇಪರಿನಲ್ಲಿ ಕಟ್ಟಿ ಕೊಡುತ್ತಿದ್ದ ಮಾಲು ಈ ಸಲ ಗುರುತು ಹೊತ್ತು ಮನೆಮನೆಗೆ ಹೋಯಿತು.

ಸಣ್ಣವ್ವನ ಮಾಳಿಗೆಗೂ ಹೋಯಿತು. ಅಲ್ಲಿ ಹಿಟ್ಟು ಕುಟ್ಟುವವರು ಕುಟ್ಟುತ್ತಿದ್ದರು, ಲಟ್ಟಿಸುವವರು ಲಟ್ಟಿಸುತ್ತಿದ್ದರು. ಒಣಗಿಸಲು ಹಾಸಿದ್ದು, ಎಲ್ಲರ ಮನೆಯಲ್ಲೂ ಹಾಸುವಂತೆ, ತೊಳೆದು ಬಿಚ್ಚಿದ ಗೊಬ್ಬರದ ಚೀಲಗಳು. ಸಣ್ಣವ್ವನ ಸೊಸೆ ಭಾಗ್ಯಾ ಪಿಯುಸಿ ಪಾಸಾದವಳು. ಹಪ್ಪಳ ಹರವುತ್ತ ಹರವುತ್ತ ಅವಳ ಕೈ ನಿಂತಿತು.

"ಅತ್ತೀ, ಇಲ್ಲಿ ನೋಡ್ರಿ."

ಚೀಲದ ಮೇಲೆ ಅಂಗೈಯಗಲ ಮೂರು ಇಂಗ್ಲಿಷ್ ಅಕ್ಷರ, ಎನ್ ಪಿ ಕೆ. ಮೂರನೆಯದು ಕೆ. ಪೊಟ್ಟಣದ ಮೇಲೂ ಕೆ.

ಲಟ್ಟಣಿಗೆಗಳು ಸುಮ್ಮನಾದವು. "ಗೊಬ್ಬರ ಹಾಕ್ಯಾಳೇನ ಬೇ ಖಾರದಾಗ?" ಎಂದಳು ಒಬ್ಬಳು. "ಅದಕ್ಕ ಅಷ್ಟ ಬೆಳ್ಳಗ ಬರತಿತ್ತು ಹಂಗಾರ" ಎಂದಳು ಇನ್ನೊಬ್ಬಳು. ಇಷ್ಟು ವರ್ಷ ಗೊಬ್ಬರದ ಚೀಲದ ಮೇಲೆ ಹಪ್ಪಳ ಒಣಗಿಸಿ ತಿಂದವರಿಗೆ ಚೀಲದ್ದೇನೂ ಅಡ್ಡಿ ಇರಲಿಲ್ಲ. ಚೀಲದ ಅಕ್ಷರ ಪೊಟ್ಟಣಕ್ಕೆ ಬಂದದ್ದು ಅಡ್ಡಿಯಾಯಿತು.

ಸಣ್ಣವ್ವ ನ್ಯಾಯವಾಗಿ ನಡೆಯುವ ಹೆಂಗಸು. ಕೇಳದೆ ಮಾತಾಡಬಾರದೆಂದು ಪೊಟ್ಟಣವನ್ನು ಸೆರಗಿನಲ್ಲಿ ಕಟ್ಟಿಕೊಂಡು, ಗೊತ್ತಿದ್ದವರನ್ನು ಕೇಳಲು ಗೊಬ್ಬರದ ಅಂಗಡಿಗೆ ಹೋದಳು. ಅಂಗಡಿಯವನು ಗಾದಿಯ ಮೇಲೆ ಚಹಾ ಕುಡಿಯುತ್ತಿದ್ದ. ಕಟ್ಟೆಯ ಮೇಲೆ ಭೀಮಶಿ ಮತ್ತೆ ಮೂರು ಜನ ರೈತರು.

"ಸಾವ್ಕಾರ್ರ, ನಿಮ್ಮ ಚೀಲದ ಮ್ಯಾಗಿನ ಈ ಅಕ್ಷರ ಏನ್ರಿ?"

"ಪೊಟ್ಯಾಷ್ ಬೇ."

"ಮತ್ತ ಇದು?"

ಅಂಗಡಿಯವನು ಪೊಟ್ಟಣ ನೋಡಿದ, ವಾಲಿದ ಅಕ್ಷರ ನೋಡಿದ, ಕಟ್ಟೆಯ ಮೇಲಿನ ನಾಲ್ಕು ಮುಖ ನೋಡಿದ. ಹಾಸ್ಯ ತಾನಾಗಿ ಅಂಗಡಿಗೆ ನಡೆದು ಬಂದಾಗ ಬಾಗಿಲು ಹಾಕುವ ಜಾತಿ ಅವನದಲ್ಲ.

"ಇದೂ ಅದ."

"ಅಯ್ಯ! ಗೊಬ್ಬರ?"

"ಹೆದರಬ್ಯಾಡ ಸಣ್ಣವ್ವ. ಈ ಸಲ ಹಪ್ಪಳ ತಿನಿಸು, ನಿನ್ನ ಗಂಡಗ ಬೋಳು ತಲಿ ತುಂಬ ಚಿಗುರು ಒಡೀತಾವು."

"ಎಕರೆಕ್ಕ ಎಷ್ಟ ಹಪ್ಪಳ ಹಾಕಬೇಕ್ರಿ ಸಾವ್ಕಾರ್ರ?" ಎಂದ ಭೀಮಶಿ.

"ಬಿತ್ತೂ ಮುಂದ ನಾಕು, ಹೂ ಬಿಟ್ಟಾಗ ನಾಕು. ಎಣ್ಯಾಗ ಕರದು ಹಾಕಬೇಕಲೇ, ಹಸೀವು ಹತ್ತೂದಿಲ್ಲ."

ಕಟ್ಟೆ ನಕ್ಕಿತು. ಚಹಾದ ಹುಡುಗನೂ ನಕ್ಕ. ಸಣ್ಣವ್ವ ನಗಲಿಲ್ಲ. ಆಕೆಗೆ ಬೇಕಾದ ಉತ್ತರ ಸಿಕ್ಕಿತ್ತು. ಅಂಗಡಿಯವನು ಹೇಳಿದ್ದರಲ್ಲಿ ಸುಳ್ಳೂ ಇರಲಿಲ್ಲ: ಎರಡರಲ್ಲೂ ಇರುವ ಧಾತು ಒಂದೇ. ಸುಳ್ಳಾಗಿದ್ದರೆ ಯಾರಾದರೂ ಹಿಡಿಯುತ್ತಿದ್ದರು. ಅರ್ಧ ನಿಜವನ್ನು ಯಾರು ಹಿಡಿಯುತ್ತಾರೆ?

ಮಾತು ಮಧ್ಯಾಹ್ನದೊಳಗೆ ಜುಲೇಖಾಬಿಯ ಹಿತ್ತಿಲಿಗೆ ಬಂತು. ಎರಡನೆಯ ದಿನ ನಾಲ್ಕು ಪೊಟ್ಟಣ ತಿರುಗಿ ಬಂದವು, ಮೂರನೆಯ ದಿನ ಹದಿನಾರು. ತಂದವರು ಬಾಗಿಲಲ್ಲಿ ಇಟ್ಟು ಹೋದರು, ಒಳಗೆ ಬರಲಿಲ್ಲ. ಕೆಲವರು ಆಕೆ ಅರಿಶಿಣ ಕೆಂಪು ಮಾಡುತ್ತಿದ್ದದ್ದನ್ನೂ ನೆನೆಸಿಕೊಂಡರು: "ಕೆಮಿಕಲ್ ಇಲ್ಲದ ಬಣ್ಣಾ ಬದಲಾಗತೈತೇನ್ರಿ?" ಮೂವತ್ತು ವರ್ಷ ಹಣೆಗಿಟ್ಟುಕೊಂಡು ಹೋದದ್ದು ಒಂದೇ ವಾರದಲ್ಲಿ ಸಾಕ್ಷಿಯಾಗಿ ನಿಂತಿತು.

ಮಾಸ್ತರ ಕಿರಣಕುಮಾರ ಸರಿಪಡಿಸಲು ಹೊರಟ. ಮನೆಮನೆಗೆ ಹೋಗಿ, ಇದು ಶುದ್ಧ ಪೊಟ್ಯಾಸಿಯಂ ಕಾರ್ಬೊನೇಟ್, ಏನೂ ಆಗುವುದಿಲ್ಲ ಎಂದು ಕೈಮುಗಿದು ಹೇಳಿದ. ಅಲ್ಲಿಯವರೆಗೆ ಬರೀ ಗೊಬ್ಬರ ಎಂಬ ಅನುಮಾನವಿತ್ತು. ಈಗ ಓದಿದವನೇ ಬಂದು ಔಷಧ ಅಂಗಡಿಯ ಹೆಸರು ಹೇಳಿ ಹೋದಂತಾಯಿತು. ಅವನು ಹೋದ ಮನೆಗಳೆಲ್ಲ ಪೊಟ್ಟಣ ಹಿಂದಿರುಗಿಸಿದವು.

ಕೊನೆಗೆ ಗೊಬ್ಬರದ ಅಂಗಡಿಗೂ ಬಂದ. ಬಿಲ್ಲಿನ ಹಿಂಬದಿಯಲ್ಲಿ ಬರೆದು ತೋರಿಸಿದ: ಕಲಾ, ಅಲ್ ಕಲಿ, ಕಲಿ, ಕಾಲಿಯಂ, ಕೆ. "ಸಾವ್ಕಾರ್ರ, ಚೀಲದ ಅಕ್ಷರ ಪೊಟ್ಟಣಕ್ಕ ಹೋಗಿಲ್ಲರಿ. ಬೂದಿಯಿಂದ ಚೀಲಕ್ಕ ಬಂದೈತಿ. ನೀವೊಂದು ಮಾತು ಹೇಳಿದ್ರ ಊರು ಕೇಳತೈತಿ. ನನ್ನ ಮಾತು ಯಾರೂ ಕೇಳವಲ್ಲರು." ಅಂಗಡಿಯವನು ಓದಿದ. ತಿಳಿಯಿತು. ತಿಳಿಯದಷ್ಟು ದಡ್ಡನಾಗಿದ್ದರೆ ಆ ಗಾದಿಯ ಮೇಲೆ ಇಷ್ಟು ವರ್ಷ ಕೂರುತ್ತಿರಲಿಲ್ಲ.

ಮರುದಿನ ಜುಲೇಖಾಬಿ ತಾನೇ ಬಂದಳು. ಕಟ್ಟೆ ಹತ್ತಲಿಲ್ಲ.

"ಬಾ ಬೇ ಜುಲೇಖವ್ವ, ಕೂಡು."

"ಕೂಡಾಕ ಬಂದಿಲ್ಲರಿ. ಅವತ್ತ ನಾಕು ಮಂದಿ ಮುಂದ ನಕ್ಕೋಂತ ಒಂದು ಮಾತಂದ್ರಿ. ಅದು ಊರ ತುಂಬ ಹೋತು. ಈಗ ಸಂತಿ ದಿನ ನಾಕು ಮಂದಿ ಮುಂದ ನಗಲಾರದ ಇನ್ನೊಂದು ಮಾತನ್ರಿ. ಅಷ್ಟ."

"ಅದು ಚ್ಯಾಷ್ಟಿಗಿ ಅಂದದ್ದ ಬೇ. ಇಷ್ಟ ಮನಸಿಗೆ ಹಚ್ಚಿಕೊಂಡ್ರ ಹೆಂಗ?"

"ನಿಮಗ ಚ್ಯಾಷ್ಟಿ, ನನಗ ಒಲಿ. ಅಂತೀರೋ ಇಲ್ಲೋ ಹೇಳ್ರಿ."

"ಆತು. ಸಂತಿ ದಿನ ಅಂತೀನಿ."

ಸಂತೆಯ ದಿನ ಜುಲೇಖಾಬಿ ಒಗೆದ ಸೀರೆ ಉಟ್ಟು ಬಂದಳು. ಅಂಗಡಿಯ ಎದುರಿನ ಬೇವಿನ ಗಿಡದ ಕೆಳಗೆ ಹತ್ತು ಗಂಟೆಗೆ ನಿಂತವಳು ಮೂರು ಗಂಟೆಯವರೆಗೂ ಕೂರಲಿಲ್ಲ. ಕೈಯಲ್ಲಿ ಒಂದು ಪೊಟ್ಟಣವಿತ್ತು, ಅಕ್ಷರ ಹೊರಮುಖವಾಗಿ. ಅಂಗಡಿ ತುಂಬಿತ್ತು. ಸಣ್ಣವ್ವನ ಗಂಡನೂ ಇದ್ದ, ಭೀಮಶಿಯೂ ಇದ್ದ. ಭೀಮಶಿ ಬಂದವನೇ, "ಸಾವ್ಕಾರ್ರ, ಕೆಂಪ ಪೊಟ್ಯಾಷ್ ಒಂದು ಚೀಲ ಕೊಡ್ರಿ, ಇಲ್ಲಾಂದ್ರ ಎರಡು ಡಜನ್ ಹಪ್ಪಳ ಕೊಡ್ರಿ" ಎಂದ. ಮತ್ತೆ ನಗೆ. ಹೇಳಬೇಕಾದ ಮಾತಿಗೆ ಅದಕ್ಕಿಂತ ಒಳ್ಳೆಯ ಗಳಿಗೆ ಸಿಗುತ್ತಿರಲಿಲ್ಲ. ಅಂಗಡಿಯವನು ಬಾಯಿ ತೆರೆದ. ಗಿಡದ ಕೆಳಗಿನವಳು ಒಂದು ಹೆಜ್ಜೆ ಮುಂದೆ ಬಂದಳು. ಅಂಗಡಿಯವನು, "ಎರಡೂ ಸ್ಟಾಕ್ ಇಲ್ಲಪಾ" ಎಂದ.

ಯಾಕೆ ಹೀಗಾಯಿತೆಂದು ಕೇಳಿದರೆ ದೊಡ್ಡ ಕಾರಣವೇನೂ ಇಲ್ಲ. ಮಂದಿ ತನ್ನ ಮಾತಿಗೆ ನಗುತ್ತಿರುವಾಗ ಆ ಮಾತನ್ನು ಹಿಂದೆ ತೆಗೆದುಕೊಳ್ಳಲು ನಾಲಿಗೆ ಏಳುವುದಿಲ್ಲ. ಇನ್ನೊಂದೂ ಇತ್ತು. ಇವತ್ತು ಹಪ್ಪಳದ ವಿಷಯದಲ್ಲಿ ತಪ್ಪಿದೆ ಎಂದವನನ್ನು ನಾಳೆ ಬೀಜದ ವಿಷಯದಲ್ಲಿ ಯಾರು ನಂಬುತ್ತಾರೆ ಎಂಬ ಲೆಕ್ಕ. ಮುದುಕಿಯ ಒಲೆಯನ್ನು ತಕ್ಕಡಿಯ ಒಂದು ತಟ್ಟೆಗೂ ತನ್ನ ಮಾತಿನ ಬೆಲೆಯನ್ನು ಇನ್ನೊಂದಕ್ಕೂ ಹಾಕಿ ತೂಗಿದವನು, ಯಾವುದು ಕೆಳಗೆ ಹೋಯಿತೆಂದು ನೋಡಿ ಸುಮ್ಮನಾದ.

ಮೂರು ಗಂಟೆಗೆ ಜುಲೇಖಾಬಿ ಪೊಟ್ಟಣವನ್ನು ಬೇವಿನ ಬೇರಿನ ಮೇಲಿಟ್ಟು ಹೋದಳು. ಬಯ್ಯಲಿಲ್ಲ. ಬಯ್ದಿದ್ದರೆ ಆ ಬಯ್ಗುಳಕ್ಕೂ ಒಂದು ಹಾಸ್ಯ ಹುಟ್ಟುತ್ತಿತ್ತು.

ಈಗ ಅಣ್ಣಿಗೇರಿಯ ಹಪ್ಪಳಕ್ಕೆ ಕಿರಾಣಿ ಅಂಗಡಿಯ ಖಾರದ ಪಾಕೀಟು ಬರುತ್ತದೆ. ಮುಂದೆ ಹಸಿರು ಎಲೆಯ ಚಿತ್ರ. ಹಿಂದೆ ಇರುವೆಯಷ್ಟು ಸಣ್ಣ ಅಕ್ಷರದಲ್ಲಿ ಸೋಡಿಯಂ ಕಾರ್ಬೊನೇಟ್ ಎಂದಿದೆ. ಹಿಂಬದಿಯನ್ನು ಯಾರೂ ಓದುವುದಿಲ್ಲ, ಪಿಯುಸಿ ಪಾಸಾದ ಭಾಗ್ಯಾ ಕೂಡ. ಹೋದ ವರ್ಷ ಸಣ್ಣವ್ವ ಒಂದು ಹಪ್ಪಳ ಕರಿದು ತಂದು, ಹಳೆಯ ಸ್ನೇಹವೆಂದು ಜುಲೇಖಾಬಿಯ ಕೈಗೆ ಕೊಟ್ಟಳು. ಆಕೆ ಒಂದು ಚೂರು ಮುರಿದು ನಾಲಿಗೆಯ ಮೇಲಿಟ್ಟಳು.

"ಹೆಂಗೈತಿ ಬೇ?" ಎಂದಳು ಸಣ್ಣವ್ವ.

"ಚಲೋ ಐತಿ. ಮಣ್ಣಿಂದು" ಎಂದಳು ಜುಲೇಖಾಬಿ. ಸಣ್ಣವ್ವನಿಗೆ ತಿಳಿಯಲಿಲ್ಲ. ಆಕೆ ತಿಳಿಸಲೂ ಇಲ್ಲ.

ಕಿರಣಕುಮಾರ ಮಾಸ್ತರನಿಗೆ ಕಲಘಟಗಿ ಕಡೆಗೆ ವರ್ಗವಾಯಿತು. ಹೋಗುವ ದಿನ ಆಕೆಯ ಬಾಗಿಲಲ್ಲಿ ನಿಂತು, "ತಪ್ಪು ನಂದ್ರಿ ಅಮ್ಮಾ, ಆ ಅಕ್ಷರ ನಾ ಹೇಳಬಾರದಿತ್ತು" ಎಂದು ಕಣ್ಣೊರೆಸಿಕೊಂಡ. "ನೀವು ಅರ್ಥಾ ಹೇಳಿದ್ರಿ ಮಾಸ್ತರ. ಅರ್ಥಾ ಹೇಳಿದಾವ್ರು ನೀವೊಬ್ರ" ಎಂದು ಆಕೆಯೇ ಅವನನ್ನು ಸಮಾಧಾನ ಮಾಡಿ ಬಸ್ಸಿಗೆ ಕಳಿಸಿದಳು.

ಕಡಾಯಿ ಹಿತ್ತಿಲಲ್ಲಿ ಬೋರಲು ಬಿದ್ದಿದೆ, ಅದರ ಮೇಲೆ ಪಕ್ಕದ ಮನೆಯ ಕೋಳಿ ಕೂರುತ್ತದೆ. ಬದುಗಳಲ್ಲಿ ಉತ್ತರಾಣಿ ಕೇಳುವವರಿಲ್ಲದೆ ಒಣಗಿ, ಹೋಗಿಬರುವವರ ಧೋತರ ಹಿಡಿದೆಳೆಯುತ್ತದೆ. ಜುಲೇಖಾಬಿ ಹತ್ತಿ ಬಿಡಿಸುವ ಜಿನ್ನಿಂಗ್ ಗಿರಣಿಯಲ್ಲಿ ಅರಳೆಯೊಳಗಿನ ಕಸ ಆರಿಸುವ ಕೆಲಸಕ್ಕೆ ಹೋಗುತ್ತಾಳೆ. ಮೆತ್ತಗಿನ ಕೆಲಸ. ಬೂದಿನೀರು ತಾಕದೆ ಎರಡು ವರ್ಷವಾದ ಮೇಲೆ ಆಕೆಯ ಬೆರಳುಗಳಲ್ಲಿ ಗೆರೆಗಳು ಮತ್ತೆ ಮೂಡಿವೆ. ಹೋದ ತಿಂಗಳು ರೇಷನ್ ಅಂಗಡಿಯ ಯಂತ್ರದ ಮೇಲೆ ಹೆಬ್ಬೆರಳು ಒತ್ತಿದಾಗ ಮೊದಲ ಸಲಕ್ಕೇ ಹಸಿರು ದೀಪ ಹತ್ತಿತು. ಇಂಥವಳೊಬ್ಬಳು ಇದ್ದಾಳೆ ಎಂದು ಯಂತ್ರ ಒಪ್ಪಿಕೊಂಡಿತು. ಸರದಿಯಲ್ಲಿದ್ದವರು ಚಪ್ಪಾಳೆ ತಟ್ಟಿದರು. ಆಕೆ ತನ್ನ ಹೆಬ್ಬೆರಳನ್ನು ಯಾರದೋ ಬೆರಳೆಂಬಂತೆ ನೋಡಿಕೊಂಡು, ಅಕ್ಕಿಯ ಚೀಲ ಎತ್ತಿಕೊಂಡು ಹೋದಳು.

ಆ ಗೊಬ್ಬರದ ಅಂಗಡಿ ನನ್ನದು. ಚೀಲದ ಮೇಲಿನ ಅಕ್ಷರ ನಿನ್ನಂಥವರ ಒಲೆಯ ಬೂದಿಯಿಂದ ಬಂದದ್ದು, ನಿನ್ನ ಖಾರದಲ್ಲಿ ಯಾವ ಕಲಬೆರಕೆಯೂ ಇರಲಿಲ್ಲ, ನಾನು ಅಂದದ್ದು ತಪ್ಪು ಎಂದು ಸಂತೆಯ ಮಂದಿಯ ಮುಂದೆ, ನಗದೆ ಹೇಳುವ ಒಂದು ಮಾತನ್ನು ನಾನು ಜುಲೇಖಾಬಿಗೆ ಕೊಡಬೇಕು. ಇಲ್ಲಿ ಬರೆದದ್ದರಿಂದ ಅದು ತೀರಿಲ್ಲ.